ಇಲ್ಲಿಂದ ಮುಂದೆ ಹೋಗುವ ಹೊತ್ತು ಬಂದಿದೆಯಾ? ಹಂತ ಹಂತವಾಗಿ ತಿಳಿದುಕೊಳ್ಳುವ ಬಗೆ

"ಈ ಕೆಲಸ ಬಿಡಲಾ, ಇನ್ನೊಂದು ವರ್ಷ ನೋಡಲಾ?" "ಓದು ಸಾಕು ಅನಿಸುತ್ತಿದೆ, ಆದರೆ ಇಷ್ಟು ದೂರ ಬಂದು ಬಿಡೋದು ಹೇಗೆ?" "ಮಕ್ಕಳು ದೊಡ್ಡವರಾದರು, ಇನ್ನು ನಾನೇನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಮೇಲ್ನೋಟಕ್ಕೆ ಬೇರೆ ಬೇರೆ. ಆದರೆ ಎಲ್ಲರೂ ತಿಳಿಯಬಯಸುವುದು ಒಂದೇ: ಬದುಕಿನ ಈ ಭಾಗ ಮುಗಿಯಿತು ಅಂತ ಗೊತ್ತಾಗುವುದು ಹೇಗೆ?

ಬಹಳ ಜನ ಖಾತ್ರಿಗಾಗಿ ಕಾಯುತ್ತಾರೆ. ಒಂದು ದಿನ ಬೆಳಗ್ಗೆ ಏಳುವಾಗ ಮನಸ್ಸು ತಾನಾಗಿಯೇ "ಸರಿ, ಇನ್ನು ಹೊರಡು" ಅನ್ನುತ್ತದೆ ಅಂತ ನಂಬಿರುತ್ತಾರೆ. ಕೆಲವರಿಗೆ ಹಾಗೆ ಆಗುವುದೂ ಉಂಟು. ಹೆಚ್ಚಿನವರಿಗೆ ಖಾತ್ರಿ ಬರುವುದು ಹೆಜ್ಜೆ ಇಟ್ಟು ಸ್ವಲ್ಪ ಕಾಲವಾದ ಮೇಲೆ. ಅದಕ್ಕೇ ಕಾಯುತ್ತ ಕೂತರೆ ವರ್ಷಗಳು ಸುಮ್ನೆ ಕಳೆದುಹೋಗುತ್ತವೆ. ಖಾತ್ರಿ ಇಲ್ಲದೆಯೂ ಸರಿಯಾಗಿ ತೀರ್ಮಾನ ಮಾಡಬಹುದು. ಹೇಗೆ ಅನ್ನುವುದನ್ನು ಕೆಳಗೆ ಹೇಳಿದ್ದೇನೆ.

ಶುರು ಮಾಡುವ ಮುನ್ನ

ಒಂದು ಮಾತು ಮೊದಲೇ ಹೇಳಬೇಕು. ನೀವಿರುವ ಕಡೆ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ, ಬೆದರಿಸುತ್ತಿದ್ದರೆ, ನಿಮ್ಮ ದುಡ್ಡು, ಫೋನು, ಓಡಾಟ ಎಲ್ಲವನ್ನೂ ಹಿಡಿತದಲ್ಲಿ ಇಟ್ಟುಕೊಂಡಿದ್ದರೆ ಈ ಹಂತಗಳು ನಿಮಗಲ್ಲ. ಅಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ. ನಂಬಿಕಸ್ಥರ ನೆರವು ಪಡೆದು ಮೊದಲು ಸುರಕ್ಷಿತವಾಗಿ ಹೊರಗೆ ಬನ್ನಿ. ಹೊರಡುವ ವಿಷಯವನ್ನು ಆ ವ್ಯಕ್ತಿಗೆ ಮುಂಚೆಯೇ ತಿಳಿಸಬೇಡಿ.

ಉಳಿದವರಿಗೆ ಬೇಕಾಗಿರುವುದು ಇಷ್ಟು:

- ಒಂದು ನೋಟ್‌ಬುಕ್. ಫೋನಿನಲ್ಲಿ ಬರೆದರೂ ಆಯಿತು. ಆದರೆ ಎಲ್ಲವೂ ಒಂದೇ ಕಡೆ ಇರಲಿ, ಪ್ರತಿ ಸಲ ತಾರೀಖು ಹಾಕಿ.
- ಆರರಿಂದ ಎಂಟು ವಾರಗಳ ಸಮಯ. ಒಂದು ರಾತ್ರಿಯಲ್ಲಿ ಮುಗಿಸುವ ಕೆಲಸ ಇದಲ್ಲ.
- ನಿಮ್ಮ ತೀರ್ಮಾನದಿಂದ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಒಬ್ಬರು. ನಿಮ್ಮನ್ನು ಪ್ರೀತಿಸುವವರ ಮಾತು ಮುಖ್ಯವೇ. ಆದರೆ ಅವರ ಭಯವೂ ಆ ಮಾತಿನಲ್ಲಿ ಸೇರಿಕೊಂಡಿರುತ್ತದೆ.
- ತಿಂಗಳ ಖರ್ಚಿನ ನಿಜವಾದ ಲೆಕ್ಕ. ಅಂದಾಜು ಬೇಡ, ಕಳೆದ ಮೂರು ತಿಂಗಳು ಕೈಬಿಟ್ಟು ಹೋದ ದುಡ್ಡನ್ನು ಕೂಡಿಸಿ ನೋಡಿ.

1. ಮುಗಿದಿರುವುದು ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

"ನನಗೆ ಬದಲಾವಣೆ ಬೇಕು" ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಏನು ಬದಲಾಗಬೇಕು? ಜಾಗವಾ, ಕೆಲಸವಾ, ಜೊತೆಗಿರುವ ಜನವಾ, ದಿನ ಕಳೆಯುವ ರೀತಿಯಾ, ಅಥವಾ ಎಲ್ಲರೂ ನಿಮಗೆ ವಹಿಸಿರುವ ಪಾತ್ರವಾ? ಈ ಐದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು, ಒಂದೊಂದರ ಮುಂದೆಯೂ "ಇರಲಿ", "ಬದಲಾಗಲಿ", "ಗೊತ್ತಿಲ್ಲ" ಅಂತ ಗುರುತು ಹಾಕಿ.

ಇದನ್ನು ಮಾಡಿದ ಎಷ್ಟೋ ಜನಕ್ಕೆ ಅಚ್ಚರಿ ಕಾದಿರುತ್ತದೆ. ಕೆಲಸವೇ ಬೇಡ ಅಂದುಕೊಂಡವರಿಗೆ ನಿಜಕ್ಕೂ ಬೇಡವಾಗಿದ್ದು ಒಬ್ಬ ಮೇಲಧಿಕಾರಿ ಆಗಿರಬಹುದು. ಊರೇ ಬೇಡ ಅಂದವರಿಗೆ ಬೇಡವಾಗಿದ್ದು ಆ ಮನೆಯಲ್ಲಿ ಇನ್ನೂ ಚಿಕ್ಕವರಂತೆ ಇರಬೇಕಾಗಿ ಬಂದದ್ದು ಆಗಿರಬಹುದು. ಒಂದು ಕೊಂಬೆ ಒಣಗಿದ್ದಕ್ಕೆ ಮರವನ್ನೇ ಕಡಿಯಬೇಕಾಗಿಲ್ಲ ಅಲ್ವಾ?

ಕೊನೆಗೆ ಒಂದು ವಾಕ್ಯಕ್ಕೆ ಇಳಿಸಿ. ಉದಾಹರಣೆಗೆ: "ಪಾಠ ಮಾಡುವುದು ನನಗೆ ಇನ್ನೂ ಇಷ್ಟ, ಆದರೆ ಈ ಸಂಸ್ಥೆಯಲ್ಲಿ ಕಲಿಯುವುದು ಏನೂ ಉಳಿದಿಲ್ಲ."

*ಇಲ್ಲಿ ಎಡವುವುದು:* ಆ ವಾಕ್ಯದಲ್ಲಿ ಬೇರೆಯವರ ತಪ್ಪು ಮಾತ್ರ ಇದ್ದರೆ ಮತ್ತೆ ಬರೆಯಿರಿ. ಅವರು ಹೇಗಿದ್ದಾರೆ ಅನ್ನುವುದರಿಂದ ನಿಮಗೆ ಏನು ಬೇಕು ಅಂತ ಗೊತ್ತಾಗುವುದಿಲ್ಲ.

2. ದಣಿದಿದ್ದೀರಾ, ಅಥವಾ ನಿಜಕ್ಕೂ ಮುಗಿದಿದೆಯಾ? ಬೇರ್ಪಡಿಸಿ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ದಣಿದ ಮನಸ್ಸಿಗೆ ಎಲ್ಲವೂ ಮುಗಿದಂತೆ ಕಾಣುತ್ತದೆ. ಒಳ್ಳೆಯದೂ ಕೆಟ್ಟದಾಗಿ ಕಾಣುತ್ತದೆ. ಆ ಸ್ಥಿತಿಯಲ್ಲಿ ಮಾಡಿದ ದೊಡ್ಡ ತೀರ್ಮಾನಕ್ಕೆ ಆಮೇಲೆ ಬಹಳ ಬೆಲೆ ತೆರಬೇಕಾಗುತ್ತದೆ.

'ಬರ್ನ್‌ಔಟ್' ಅನ್ನುವ ಮಾತು ಕೇಳಿರುತ್ತೀರಿ. ಕೆಲಸದ ಒತ್ತಡ ಬಹಳ ಕಾಲ ಮುಂದುವರಿದು, ಅದನ್ನು ಸರಿಯಾಗಿ ನಿಭಾಯಿಸಲು ಆಗದೇ ಹೋದಾಗ ಬರುವ ಸ್ಥಿತಿ ಇದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ವರ್ಗೀಕರಣದಲ್ಲಿ ಇದಕ್ಕೆ ಮೂರು ಗುರುತು ಹೇಳಿದೆ: ಶಕ್ತಿಯೆಲ್ಲ ಬಸಿದುಹೋದಂಥ ಸುಸ್ತು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಕಹಿ ತುಂಬುವುದು, ಮತ್ತು ಕೆಲಸ ಮಾಡುವ ಸಾಮರ್ಥ್ಯ ಕುಗ್ಗುವುದು. ಅದೇ ಸಂಸ್ಥೆ ಇದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂದಿದೆ. ಅಂದರೆ ನೀವು ಕೆಟ್ಟಿಲ್ಲ. ನಿಮ್ಮ ಮೇಲಿನ ಹೊರೆ ಅಳತೆ ಮೀರಿದೆ.

ಪರೀಕ್ಷೆ ಹೀಗೆ ಮಾಡಿ. ಸಾಧ್ಯವಾದಷ್ಟು ದೀರ್ಘ ವಿರಾಮ ತೆಗೆದುಕೊಳ್ಳಿ, ಕನಿಷ್ಠ ಒಂದು ವಾರ. ರಜೆ ಸಿಗದಿದ್ದರೆ ಎರಡು ಮೂರು ವಾರ ಹೆಚ್ಚುವರಿ ಜವಾಬ್ದಾರಿಗಳನ್ನೆಲ್ಲ ಬದಿಗಿಟ್ಟು ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿ. ಆ ದಿನಗಳಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ವಿರಾಮ ಮುಗಿಯುವ ಹೊತ್ತಿಗೆ ಈ ಮೂರನ್ನು ಗಮನಿಸಿ:

- ವಾಪಸ್ ಹೋಗುವುದನ್ನು ನೆನೆದರೆ ಏನಾಗುತ್ತದೆ? ಸ್ವಲ್ಪ ಸೋಮಾರಿತನ ಎಲ್ಲರಿಗೂ ಇರುತ್ತದೆ. ಎದೆ ಭಾರವಾಗುವುದು ಬೇರೆ.
- ಅಲ್ಲಿನ ಯಾವುದಾದರೂ ಒಂದು ಭಾಗದ ಬಗ್ಗೆ ಕುತೂಹಲ ಮರಳಿ ಬಂತಾ? ಬಂದಿದ್ದರೆ ದಣಿವಾಗಿರುವ ಸಾಧ್ಯತೆ ಜಾಸ್ತಿ.
- ಚೆನ್ನಾಗಿ ನಿದ್ದೆ ಮಾಡಿ, ಹಗುರಾಗಿ, ಯಾರ ಮೇಲೂ ಸಿಟ್ಟಿಲ್ಲದೆ ಇದ್ದಾಗಲೂ "ಇದು ಇನ್ನು ನನ್ನದಲ್ಲ" ಅನಿಸುತ್ತಿದೆಯಾ? ಹಾಗಿದ್ದರೆ ಆ ಮಾತಿಗೆ ತೂಕವಿದೆ.

ನನ್ನ ಪ್ರಕಾರ ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಗುರುತು. ಸಿಟ್ಟಿನಲ್ಲಿ ಬಿಟ್ಟುಬಿಡುವ ಆಸೆ ಯಾರಿಗೂ ಹೊಸದಲ್ಲ. ಸಮಾಧಾನವಾಗಿದ್ದಾಗ, ಬೇಜಾರಿಲ್ಲದೆ ಬರುವ ಅದೇ ಯೋಚನೆಯನ್ನು ಮಾತ್ರ ಕಡೆಗಣಿಸಬೇಡಿ.

*ಎಚ್ಚರ:* ಎರಡು ವಾರಕ್ಕೂ ಮೇಲ್ಪಟ್ಟು ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡವಾಗಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡ ಅನಿಸುತ್ತಿದ್ದರೆ ಇವತ್ತೇ, ಈಗಲೇ ಒಬ್ಬರಿಗೆ ಹೇಳಿ. ಬದುಕಿನ ಮುಂದಿನ ಘಟ್ಟದ ತೀರ್ಮಾನ ಆಮೇಲೆ ಮಾಡಿದರಾಯಿತು, ಅದು ಎಲ್ಲೂ ಓಡಿಹೋಗುವುದಿಲ್ಲ.

3. ಒಂದು ಸಲ ನೇರವಾಗಿ ಕೇಳಿ ನೋಡಿ

ಬಿಡುವ ಮುಂಚೆ ರಿಪೇರಿಗೆ ಒಂದು ಪ್ರಾಮಾಣಿಕ ಅವಕಾಶ ಕೊಡಿ. ಮನಸ್ಸಿನಲ್ಲೇ ಗೊಣಗುವುದು, ಮುಖ ಊದಿಸಿಕೊಳ್ಳುವುದು, ಮೂರನೆಯವರ ಹತ್ತಿರ ಹೇಳಿಕೊಳ್ಳುವುದು ಯಾವುದೂ ಲೆಕ್ಕಕ್ಕಿಲ್ಲ. ಬದಲಾವಣೆ ಮಾಡಬಲ್ಲ ವ್ಯಕ್ತಿಯ ಮುಂದೆ ಕೂತು, ಏನು ಬದಲಾಗಬೇಕು, ಯಾವಾಗಿನೊಳಗೆ ಬದಲಾಗಬೇಕು ಅಂತ ಹೇಳಬೇಕು.

"ನನಗೆ ಇಲ್ಲಿ ಬೆಲೆಯೇ ಇಲ್ಲ" ಅಂದರೆ ಕೇಳುವವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. "ಮುಂದಿನ ಮೂರು ತಿಂಗಳಲ್ಲಿ ನನಗೆ ಹೊಸ ಜವಾಬ್ದಾರಿ ಬೇಕು, ಇಂಥದ್ದು" ಅಂದರೆ ಅವರು ಹೂಂ ಅನ್ನಬೇಕು ಇಲ್ಲ ಊಹೂಂ ಅನ್ನಬೇಕು. ಎರಡರಲ್ಲಿ ಯಾವ ಉತ್ತರ ಬಂದರೂ ನಿಮಗೆ ಅನುಕೂಲ. ಸಂಬಂಧಗಳಲ್ಲೂ ಇದೇ ಮಾತು. ಎದುರಿನವರಿಗೆ ಗೊತ್ತೇ ಇಲ್ಲದ ದೂರಿನ ಮೇಲೆ ಸಂಬಂಧ ಮುರಿದರೆ, ಅವರು ಬದಲಾಗುತ್ತಿದ್ದರಾ ಇಲ್ಲವಾ ಅನ್ನುವ ಪ್ರಶ್ನೆ ನಿಮ್ಮನ್ನು ವರ್ಷಗಟ್ಟಲೆ ಕಾಡುತ್ತದೆ.

4. ಕೊಟ್ಟದ್ದನ್ನು ಲೆಕ್ಕದಿಂದ ಹೊರಗಿಡಿ

"ಇಷ್ಟು ವರ್ಷ ಹಾಕಿದ್ದೇನೆ, ಈಗ ಬಿಟ್ಟರೆ ಎಲ್ಲ ದಂಡ ಅಲ್ವಾ?" ಜನರನ್ನು ಕಟ್ಟಿಹಾಕುವ ಮಾತುಗಳಲ್ಲಿ ಇದೇ ಮೊದಲನೆಯದು. ಅರ್ಥಶಾಸ್ತ್ರದಲ್ಲಿ ಇದನ್ನು 'ಸಂಕ್ ಕಾಸ್ಟ್' ಅನ್ನುತ್ತಾರೆ. ಏನು ಮಾಡಿದರೂ ವಾಪಸ್ ಬಾರದ ಖರ್ಚು ಅಂತ ಅರ್ಥ. ದುಡ್ಡು ಮಾತ್ರವಲ್ಲ, ವರ್ಷಗಳು, ಶ್ರಮ, ಹೆಸರು ಎಲ್ಲವೂ ಇದರಲ್ಲಿ ಬರುತ್ತವೆ.

ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವ ಸಂಶೋಧಕರು ಇದರ ಬಗ್ಗೆ 1985ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಒಂದು ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೂ, ಕೆಲವರಿಗೆ ರಿಯಾಯಿತಿಯಲ್ಲೂ ಟಿಕೆಟ್ ಕೊಟ್ಟರು. ಯಾರಿಗೆ ರಿಯಾಯಿತಿ ಅನ್ನುವುದು ಅದೃಷ್ಟದ ಮೇಲೆ. ನಾಟಕಗಳು ಎಲ್ಲರಿಗೂ ಅವೇ. ಆದರೂ ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಹೆಚ್ಚು ನಾಟಕಗಳಿಗೆ ಹೋದರು. ಅವರನ್ನು ಎಬ್ಬಿಸಿ ಕರೆದೊಯ್ದದ್ದು ಜೇಬಿನಿಂದ ಹೋದ ದುಡ್ಡು. ಎರಡನೇ ಅರ್ಧದಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ಕೊಟ್ಟದ್ದರ ಹಿಡಿತ ಕಾಲ ಕಳೆದಂತೆ ಸಡಿಲವಾಗುತ್ತದೆ ಅಂತ ಇದರಿಂದ ತಿಳಿಯುತ್ತದೆ. ನಿಮಗೂ ಅದು ಸಡಿಲವಾಗಬಹುದು.

ಈ ಪ್ರಶ್ನೆಗೆ ಉತ್ತರ ಬರೆಯಿರಿ: "ಇದುವರೆಗೆ ಇದಕ್ಕೆ ನಾನು ಏನನ್ನೂ ಕೊಟ್ಟಿಲ್ಲ ಅಂದುಕೊಳ್ಳೋಣ. ಇವತ್ತು ಇದು ಹೊಸದಾಗಿ ನನ್ನ ಮುಂದೆ ಬಂದರೆ, ಈಗ ಗೊತ್ತಿರುವುದೆಲ್ಲ ಗೊತ್ತಿದ್ದೂ ಆರಿಸಿಕೊಳ್ಳುತ್ತೇನಾ?" ಹೌದು ಅಂತ ಬಂದರೆ ನಿಮ್ಮ ಬೇರು ಇನ್ನೂ ಅಲ್ಲೇ ಇದೆ. ಇಲ್ಲ ಅಂತ ಬಂದರೆ ಮುಂದಿನ ಹಂತಕ್ಕೆ ಬನ್ನಿ.

ಕಲಿತದ್ದನ್ನು ಮಾತ್ರ ಕಳೆದುಹೋದದ್ದರ ಲೆಕ್ಕಕ್ಕೆ ಸೇರಿಸಬೇಡಿ. ಕೈಗೆ ಬಂದ ಕಸುಬು, ಪರಿಚಯವಾದ ಜನ, ತಿದ್ದಿಕೊಂಡ ಸ್ವಭಾವ ನಿಮ್ಮ ಜೊತೆಗೇ ಬರುತ್ತವೆ.

ಇದರ ಪಕ್ಕದಲ್ಲೇ ಇನ್ನೊಂದು ಹಳ್ಳವಿದೆ. ಮನುಷ್ಯರಿಗೆ ಇರುವುದನ್ನು ಇದ್ದ ಹಾಗೇ ಉಳಿಸಿಕೊಳ್ಳುವ ವಾಲಿಕೆ ಇರುತ್ತದೆ. ಇದಕ್ಕೆ 'ಸ್ಟೇಟಸ್ ಕೋ ಬಯಾಸ್' ಅನ್ನುವ ಹೆಸರು 1988ರಿಂದ ಬಳಕೆಯಲ್ಲಿದೆ. ಇದರಿಂದಾಗಿ ಬಿಡುವುದು ಮಾತ್ರ ತೀರ್ಮಾನದಂತೆ ಕಾಣುತ್ತದೆ, ಇರುವುದು ಕಾಣುವುದೇ ಇಲ್ಲ. ಆದರೆ ಇರುವುದೂ ನೀವು ಪ್ರತಿದಿನ ಮಾಡುವ ಆಯ್ಕೆಯೇ. ಅದಕ್ಕೂ ಬೆಲೆ ಇದೆ. ನೋಟ್‌ಬುಕ್ಕಿನಲ್ಲಿ "ಬಿಟ್ಟರೆ ಏನಾಗುತ್ತದೆ" ಅನ್ನುವ ಪಟ್ಟಿಯ ಪಕ್ಕದಲ್ಲಿ "ಇನ್ನು ಮೂರು ವರ್ಷ ಹೀಗೇ ಇದ್ದರೆ ಏನಾಗುತ್ತದೆ" ಅನ್ನುವ ಪಟ್ಟಿಯೂ ಇರಲಿ.

5. ತಾರೀಖು ಮತ್ತು ಗುರುತು ಎರಡನ್ನೂ ಈಗಲೇ ಬರೆದಿಡಿ

"ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುವುದಕ್ಕೆ ಕೊನೆ ಇಲ್ಲ. ಅದಕ್ಕೇ ಬಿಡುವ ಷರತ್ತನ್ನು ತಲೆ ತಣ್ಣಗಿದ್ದಾಗಲೇ ಬರೆದಿಡಬೇಕು. ಅದರಲ್ಲಿ ಎರಡು ಭಾಗ: ಒಂದು ತಾರೀಖು, ಒಂದು ಗುರುತು. ಉದಾಹರಣೆಗೆ: "ಈ ವರ್ಷದ ಕೊನೆಯೊಳಗೆ ನಾನು ಕೇಳಿದ ಜವಾಬ್ದಾರಿ ಸಿಗದಿದ್ದರೆ ಬೇರೆ ಕಡೆ ಅರ್ಜಿ ಹಾಕುತ್ತೇನೆ." "ಆರು ತಿಂಗಳಲ್ಲಿ ಈ ವ್ಯವಹಾರ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳದಿದ್ದರೆ ಮುಚ್ಚುತ್ತೇನೆ."

ಗುರುತು ಕಣ್ಣಿಗೆ ಕಾಣುವಂಥದ್ದಾಗಿರಬೇಕು. "ಪರಿಸ್ಥಿತಿ ಸುಧಾರಿಸದಿದ್ದರೆ" ಅಂತ ಬರೆದರೆ ಪ್ರಯೋಜನವಿಲ್ಲ. ಆಗ ನಿಮ್ಮ ಮನಸ್ಸೇ ವಕೀಲನಂತೆ ವಾದ ಮಾಡಿ ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳುತ್ತದೆ. ಬರೆದದ್ದನ್ನು ಆ ಲಾಭನಷ್ಟವಿಲ್ಲದ ಒಬ್ಬರಿಗೆ ಕೊಡಿ, ಆ ತಾರೀಖಿನಂದು ನಿಮ್ಮನ್ನು ಕೇಳಲು ಹೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ತಟ್ಟೆ ಸಮ ತೂಗಿದರೆ? ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 2013ರಲ್ಲಿ ಇದಕ್ಕಾಗಿಯೇ ಒಂದು ಜಾಲತಾಣ ಶುರು ಮಾಡಿದ್ದರು. ಕೆಲಸ ಬಿಡುವುದು, ಸಂಬಂಧ ಮುಗಿಸುವುದು, ಓದಿಗೆ ಮರಳುವುದು ಇಂಥ ವಿಷಯಗಳಲ್ಲಿ ತೀರ್ಮಾನಕ್ಕೆ ಬರಲಾಗದವರು ಅಲ್ಲಿ ನಾಣ್ಯ ಚಿಮ್ಮಬಹುದಿತ್ತು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಲಾಯಿತು. ಆರು ತಿಂಗಳ ನಂತರ ವಿಚಾರಿಸಿದಾಗ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಇದ್ದ ಹಾಗೇ ಉಳಿದವರಿಗಿಂತ ಖುಷಿಯಾಗಿದ್ದರು. ಪಾಲ್ಗೊಂಡವರು ತಾವಾಗಿಯೇ ಬಂದವರು, ಆಗಲೇ ಅನುಮಾನದಲ್ಲಿ ಇದ್ದವರು ಅನ್ನುವುದನ್ನು ಮರೆಯಬಾರದು. ಹಾಗಾಗಿ ಇದು ಎಲ್ಲರಿಗೂ "ಬಿಡಿ" ಅಂತ ಹೇಳುವ ಫಲಿತಾಂಶವಲ್ಲ. ಆದರೆ ನಿಜಕ್ಕೂ ತೂಗುಯ್ಯಾಲೆಯಲ್ಲಿ ಇರುವವರು ಸಾಮಾನ್ಯವಾಗಿ ಅತಿಯಾಗಿ ಹೆದರುತ್ತಾರೆ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಮಾಡಿದ ಅಧ್ಯಯನಗಳೂ ಇದಕ್ಕೆ ಹತ್ತಿರವಾದದ್ದನ್ನೇ ಹೇಳುತ್ತವೆ. ಹತ್ತಿರದ ದಿನಗಳನ್ನು ನೆನೆಯುವಾಗ ಮಾಡಿದ್ದರ ಬಗ್ಗೆ ಪಶ್ಚಾತ್ತಾಪ ಜಾಸ್ತಿ. ಇಡೀ ಬದುಕನ್ನು ತಿರುಗಿ ನೋಡುವಾಗ ಮಾಡದೇ ಬಿಟ್ಟದ್ದರ ಬಗ್ಗೆ ಜಾಸ್ತಿ.

6. ಜಿಗಿಯುವ ಮುಂಚೆ ರುಚಿ ನೋಡಿ

ಮುಂದಿನ ಘಟ್ಟದ ಬಗ್ಗೆ ನಿಮ್ಮ ತಲೆಯಲ್ಲಿರುವ ಚಿತ್ರ ಅರ್ಧ ಕಲ್ಪನೆ. ಕೂತು ಯೋಚಿಸಿದರೆ ಅದು ಸರಿಹೋಗುವುದಿಲ್ಲ, ಮಾಡಿ ನೋಡಬೇಕು. ಬೇರೆ ಊರಿಗೆ ಹೋಗುವ ಆಸೆ ಇದ್ದರೆ ಅಲ್ಲಿ ಕೆಲವು ವಾರ ಪ್ರವಾಸಿಯಂತಲ್ಲ, ಅಲ್ಲಿನವರಂತೆ ಇದ್ದು ನೋಡಿ. ನಿವೃತ್ತಿಯ ಯೋಚನೆ ಇದ್ದರೆ ಒಂದು ತಿಂಗಳು ರಜೆ ಹಾಕಿ, ಎಲ್ಲೂ ಹೋಗದೆ ಮನೆಯಲ್ಲೇ ಮಾಮೂಲಿ ದಿನಗಳನ್ನು ಕಳೆಯಿರಿ. ಸ್ವಂತ ವ್ಯವಹಾರದ ಆಸೆ ಇದ್ದರೆ ಈಗಿನ ಕೆಲಸದ ಜೊತೆಗೇ ಚಿಕ್ಕದಾಗಿ ಶುರು ಮಾಡಿ.

ಈ ಕೊನೆಯದಕ್ಕೆ ಒಳ್ಳೆಯ ಆಧಾರವಿದೆ. ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸ ಇಟ್ಟುಕೊಂಡೇ ವ್ಯವಹಾರ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು ಸೋಲುವ ಸಾಧ್ಯತೆ, ಮೊದಲೇ ಎಲ್ಲ ಬಿಟ್ಟು ಇಳಿದವರಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. "ಧೈರ್ಯ ಇದ್ದರೆ ಒಂದೇ ಸಲ ಧುಮುಕು" ಅನ್ನುವವರ ಮಾತಿಗೆ ಮರುಳಾಗಬೇಡಿ. ಕೆಲಸ ಇಟ್ಟುಕೊಂಡೇ ಶುರು ಮಾಡಿದರೆ ಕಲಿಯಲು ಸಮಯ ಸಿಗುತ್ತದೆ, ಸರಿಹೋಗದಿದ್ದರೆ ನಷ್ಟವೂ ಚಿಕ್ಕದು.

ರುಚಿ ನೋಡಲು ಆಗದ ಬದಲಾವಣೆಗಳೂ ಇವೆ. ಮಗು ಬೇಕಾ ಅನ್ನುವುದನ್ನು ಒಂದು ತಿಂಗಳು ಪ್ರಯೋಗ ಮಾಡಿ ನೋಡಲಾಗದು. ಅಂಥಲ್ಲಿ, ಆ ಬದುಕನ್ನು ಈಗ ಬಾಳುತ್ತಿರುವವರನ್ನು ಕೇಳಿ. ಡೇನಿಯಲ್ ಗಿಲ್ಬರ್ಟ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪರೀಕ್ಷಿಸಿದರು. ಒಬ್ಬ ಯುವಕನ ಜೊತೆ ಐದು ನಿಮಿಷ ಮಾತಾಡಿದರೆ ತಮಗೆ ಎಷ್ಟು ಖುಷಿಯಾಗಬಹುದು ಅಂತ ಯುವತಿಯರು ಮೊದಲೇ ಊಹಿಸಬೇಕಿತ್ತು. ಅವನ ಫೋಟೋ ಮತ್ತು ವಿವರ ನೋಡಿ ಊಹಿಸಿದವರಿಗಿಂತ, ಅವನ ಜೊತೆ ಆಗಲೇ ಮಾತಾಡಿದ್ದ ಅಪರಿಚಿತ ಯುವತಿಯೊಬ್ಬಳಿಗೆ ಎಷ್ಟು ಖುಷಿಯಾಯಿತು ಅಂತ ತಿಳಿದು ಊಹಿಸಿದವರ ಅಂದಾಜು ಹೆಚ್ಚು ಸರಿಯಾಗಿತ್ತು. ಆದರೆ ಬಹಳ ಜನ ಮೊದಲಿನ ದಾರಿಯನ್ನೇ ನಂಬುತ್ತಾರೆ. "ನಾನು ಬೇರೆ, ನನ್ನ ಕತೆ ಬೇರೆ" ಅಂತ.

ಕೇಳುವಾಗ "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ?" ಅಂತ ಕೇಳಿ.

*ಇಲ್ಲಿ ಎಡವುವುದು:* ರುಚಿ ನೋಡುವುದನ್ನೇ ಬದುಕಾಗಿಸಿಕೊಳ್ಳುವುದು. ಪ್ರಯೋಗಕ್ಕೂ ಕೊನೆಯ ತಾರೀಖು ಹಾಕಿ.

7. ನೆಲ ಗಟ್ಟಿ ಮಾಡಿಕೊಳ್ಳಿ

ಹೊರಡುವುದು ಅಂತ ನಿರ್ಧಾರವಾದ ಮೇಲಿನ ಕೆಲಸ ಇದು. ಆದಾಯ ನಿಲ್ಲುವುದಾದರೆ ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ ಅಂತ ನೋಡಿ. ಆರು ತಿಂಗಳದ್ದಾದರೂ ಇದ್ದರೆ ಒಳ್ಳೆಯದು. ನಿಮ್ಮನ್ನು ನಂಬಿದವರು ಇದ್ದರೆ ಇನ್ನೂ ಜಾಸ್ತಿ ಬೇಕು. ಸಾಲ, ವಿಮೆ, ಕಾಗದಪತ್ರ, ಒಪ್ಪಂದದ ನೋಟಿಸ್ ಅವಧಿ ಇವನ್ನು ಭಾವನೆ ಬೆರೆಸದೆ ಒಂದೊಂದಾಗಿ ನೋಡಿ.

ಆಮೇಲೆ 'ಪ್ರೀಮಾರ್ಟಮ್' ಮಾಡಿ. ಹೆಸರು ಕೇಳಿ ಗಾಬರಿ ಬೇಡ. ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟ ವಿಧಾನ ಇದು. ಒಂದು ವರ್ಷ ಕಳೆದಿದೆ, ನಿಮ್ಮ ಹೊಸ ಹೆಜ್ಜೆ ಪೂರ್ತಿ ಸೋತಿದೆ ಅಂತ ಕಲ್ಪಿಸಿಕೊಳ್ಳಿ. ಯಾಕೆ ಸೋತಿತು ಅಂತ ಹತ್ತು ನಿಮಿಷ ಬರೆಯಿರಿ. "ಸೋಲಬಹುದಾ?" ಅಂತ ಕೇಳಿದರೆ ಮನಸ್ಸು ಸಮಾಧಾನ ಹೇಳುತ್ತದೆ. "ಸೋತಿದೆ, ಯಾಕೆ?" ಅಂತ ಕೇಳಿದರೆ ಕಾರಣಗಳನ್ನು ಹುಡುಕಿ ಕೊಡುತ್ತದೆ. ಅವುಗಳಲ್ಲಿ ಈಗಲೇ ತಡೆಯಬಹುದಾದ ಎರಡು ಮೂರನ್ನು ಆರಿಸಿ ಸರಿಮಾಡಿಕೊಳ್ಳಿ.

ಒಂದೇ ಸಲ ಎಲ್ಲವನ್ನೂ ಬದಲಾಯಿಸಬೇಡಿ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟರು. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73. ಗಮನಿಸಬೇಕಾದದ್ದು ಏನೆಂದರೆ ಮದುವೆಗೂ 50, ನಿವೃತ್ತಿಗೂ 45 ಅಂಕ ಇದೆ. ಒಳ್ಳೆಯ ಬದಲಾವಣೆಯೂ ದೇಹಕ್ಕೆ, ಮನಸ್ಸಿಗೆ ಬದಲಾವಣೆಯೇ. ಕೆಲಸ ಬಿಟ್ಟು, ಮನೆ ಬದಲಾಯಿಸಿ, ಸಂಬಂಧ ಮುಗಿಸಿ ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಿದರೆ ಆಮೇಲೆ ಯಾವುದರಿಂದ ನೋವಾಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಒಂದು ಬದಲಾದರೆ ಉಳಿದವು ಆರು ತಿಂಗಳಾದರೂ ಇದ್ದ ಹಾಗೇ ಇರಲಿ.

ಹೇಳಬೇಕಾದವರಿಗೆ ಹೇಳುವಾಗ ಸರದಿ ಮುಖ್ಯ. ನಿಮ್ಮ ತೀರ್ಮಾನದಿಂದ ಯಾರ ದಿನಚರಿ ಬದಲಾಗುತ್ತದೋ ಅವರಿಗೆ ಮೊದಲು. ಬೇರೆಯವರ ಬಾಯಿಂದ ತಿಳಿದರೆ ಆ ನೋವು ಬಹಳ ಕಾಲ ಉಳಿಯುತ್ತದೆ. ಒಪ್ಪಿಗೆ ಬೇಡುವ ದನಿಯಲ್ಲೂ ಬೇಡ, ಸಮರಕ್ಕೆ ಸಿದ್ಧವಾದ ದನಿಯಲ್ಲೂ ಬೇಡ. ಏನು ಮಾಡುತ್ತಿದ್ದೇನೆ, ಯಾವಾಗ, ಇದರಿಂದ ನಿಮಗೆ ಏನು ಬದಲಾಗುತ್ತದೆ ಅಂತ ಹೇಳಿ. ಆಮೇಲೆ ಅವರು ಮಾತಾಡಲಿ, ನೀವು ಸುಮ್ಮನಿದ್ದು ಕೇಳಿಸಿಕೊಳ್ಳಿ.

8. ನಡುವಿನ ದಿನಗಳನ್ನು ತಪ್ಪು ಅಂತ ಓದಬೇಡಿ

ಹಳೆಯದು ಮುಗಿದಿದೆ, ಹೊಸದು ಇನ್ನೂ ಕೂಡಿಬಂದಿಲ್ಲ. ಅತಿ ಹೆಚ್ಚು ಜನ ಗಾಬರಿಯಾಗಿ ಹಿಂದಕ್ಕೆ ಓಡುವುದು ಇಲ್ಲಿಯೇ.

ಮಾನವಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲೇ ಇದನ್ನು ವಿವರಿಸಿದ್ದರು. ಬೇರೆ ಬೇರೆ ಸಮಾಜಗಳಲ್ಲಿ ಹುಟ್ಟು, ಪ್ರಾಯ, ಮದುವೆ, ಸಾವಿನ ಆಚರಣೆಗಳನ್ನು ಹೋಲಿಸಿ ನೋಡಿದಾಗ ಅವರಿಗೆ ಮೂರು ಭಾಗಗಳು ಕಂಡವು: ಹಳೆಯದರಿಂದ ಬೇರೆಯಾಗುವುದು, ಹೊಸ್ತಿಲ ಮೇಲಿನ ಕಾಲ, ಹೊಸದರೊಳಗೆ ಸೇರಿಕೊಳ್ಳುವುದು. ಹೊಸ್ತಿಲ ಮೇಲಿರುವವರು ಅಲ್ಲಿಯವರೂ ಅಲ್ಲ, ಇಲ್ಲಿಯವರೂ ಅಲ್ಲ. ಅದಕ್ಕೆಂದೇ ಸಮಾಜಗಳು ಆ ಕಾಲವನ್ನು ಆಚರಣೆಗಳಿಂದ ಸುತ್ತುವರಿದು ಕಾಯುತ್ತಿದ್ದವು. ಕೆಲಸ ಬಿಟ್ಟವರಿಗೆ, ಮಕ್ಕಳನ್ನು ಕಳಿಸಿಕೊಟ್ಟವರಿಗೆ, ಬೇರೆ ದೇಶಕ್ಕೆ ಹೋದವರಿಗೆ ಇವತ್ತು ಅಂಥ ಯಾವ ಆಚರಣೆಯೂ ಹೆಚ್ಚಾಗಿ ಇಲ್ಲ. ಹಾಗಾಗಿ ಆ ಖಾಲಿತನ ತಮ್ಮೊಬ್ಬರದೇ ಅಂದುಕೊಳ್ಳುತ್ತಾರೆ.

ಈ ದಿನಗಳಲ್ಲಿ ಹೀಗೆ ಅನಿಸುವುದು ಸಹಜ: ನಾನು ಯಾರು ಅಂತ ಹೇಳಲು ಒಂದು ಸಾಲು ಸಿಗದು. ಬಿಟ್ಟುಬಂದದ್ದರ ಒಳ್ಳೆಯ ನೆನಪುಗಳೇ ಬರುತ್ತವೆ, ಕೆಟ್ಟವು ಮರೆತುಹೋಗುತ್ತವೆ. ಅಳು ಬರುತ್ತದೆ, ತಾವೇ ಬೇಕೆಂದು ಬಿಟ್ಟಿದ್ದರೂ ಬರುತ್ತದೆ. ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಎಬಾ ಒಂದು ಕಾಲದಲ್ಲಿ ಸ್ವತಃ ಕ್ರೈಸ್ತ ಸನ್ಯಾಸಿನಿ ಆಗಿದ್ದು, ಅದನ್ನು ಬಿಟ್ಟವರು. ದೊಡ್ಡ ಪಾತ್ರಗಳಿಂದ ಹೊರಬಂದ ಬಹಳ ಜನರನ್ನು ಮಾತಾಡಿಸಿ ಅವರು ಕಂಡುಕೊಂಡ ಕೊನೆಯ ಹಂತ 'ಮಾಜಿ' ಆಗಿ ಬದುಕಲು ಕಲಿಯುವುದು. ಮಾಜಿ ವೈದ್ಯೆ, ಮಾಜಿ ಸೈನಿಕ, ಮಾಜಿ ಪತ್ನಿ. ಹಳೆಯ ಪಾತ್ರ ಅಳಿಸಿಹೋಗುವುದಿಲ್ಲ, ಅದಕ್ಕೆ ಹೊಸ ಬದುಕಿನಲ್ಲಿ ಒಂದು ಜಾಗ ಮಾಡಿಕೊಡಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ.

ಹೊಸ್ತಿಲ ಮೇಲಿರುವಾಗ ಇಷ್ಟು ಮಾಡಿ. ಏಳುವ ಹೊತ್ತು, ಮಲಗುವ ಹೊತ್ತು, ದಿನದ ಒಂದು ನಡಿಗೆ ಇವುಗಳನ್ನು ಬದಲಾಯಿಸಬೇಡಿ. ಹಳೆಯದಕ್ಕೆ ಸರಿಯಾಗಿ ವಿದಾಯ ಹೇಳಿ: ಒಂದು ಪತ್ರ ಬರೆಯಿರಿ, ಆ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ, ಸಹಾಯ ಮಾಡಿದವರಿಗೆ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಮೊದಲ ಮೂರು ತಿಂಗಳು "ಸರಿ ಮಾಡಿದೆನಾ?" ಅನ್ನುವ ಪ್ರಶ್ನೆಗೆ ಉತ್ತರ ಹುಡುಕಬೇಡಿ. ಪ್ರಶ್ನೆ ಬಂದಾಗ ತಾರೀಖು ಹಾಕಿ ಬರೆದಿಡಿ, ಅಷ್ಟು ಸಾಕು.

ಬದಲಾವಣೆ ಕೇಳದೇ ಬಂದಿದ್ದರೆ

ಕೆಲಸ ಹೋಗಿರಬಹುದು. ಜೊತೆಗಿದ್ದವರು ಹೋಗಿರಬಹುದು. ದೇಹ ಮೊದಲಿನಂತೆ ಒಪ್ಪದೇ ಇರಬಹುದು. ಇಲ್ಲಿ ಹೊರಡುವುದಾ ಇರುವುದಾ ಅನ್ನುವ ಪ್ರಶ್ನೆಯೇ ಇಲ್ಲ, ನೀವು ಆಗಲೇ ಹೊಸ್ತಿಲ ಮೇಲಿದ್ದೀರಿ. ಒಂದರಿಂದ ಐದರವರೆಗಿನ ಹಂತಗಳನ್ನು ಬಿಡಿ. ಎಂಟನೆಯದರಿಂದ ಶುರು ಮಾಡಿ, ಆಮೇಲೆ ಏಳು, ಬಹಳ ನಿಧಾನವಾಗಿ ಆರು. ಹತ್ತಿರದವರನ್ನು ಕಳೆದುಕೊಂಡ ಮೊದಲ ವರ್ಷದಲ್ಲಿ ಮನೆ ಮಾರುವಂಥ, ಊರು ಬಿಡುವಂಥ ತೀರ್ಮಾನಗಳನ್ನು ಆದಷ್ಟು ಮುಂದೂಡಿ. "ಇನ್ನೂ ಎಷ್ಟು ದಿನ ಹೀಗೇ ಇರ್ತೀಯ?" ಅಂತ ಕೇಳುವವರಿಗೆ ಉತ್ತರ ಕೊಡಬೇಕಾದ ಹಂಗು ನಿಮಗಿಲ್ಲ.

9. ಆರು ತಿಂಗಳಿಗೆ ಒಂದು ಸಲ ತಿರುಗಿ ನೋಡಿ

ಹೆಜ್ಜೆ ಇಟ್ಟು ಆರು ತಿಂಗಳಾದ ದಿನ ನೋಟ್‌ಬುಕ್ ತೆಗೆಯಿರಿ. ಮೊದಲ ಹಂತದಲ್ಲಿ ಬರೆದ ಆ ಒಂದು ವಾಕ್ಯ ಓದಿ. ಮುಗಿದಿದೆ ಅಂದುಕೊಂಡಿದ್ದು ಮುಗಿದಿತ್ತಾ? ಹೊಸ ಜಾಗದಲ್ಲಿ ಕಷ್ಟಗಳಿದ್ದರೆ ಅವು ಹಳೆಯ ಕಷ್ಟಗಳೇನಾ, ಬೇರೆಯವಾ? ಬೇರೆಯವಾಗಿದ್ದರೆ ನೀವು ಜಾಗ ಬದಲಿಸಿದ್ದು ಕೆಲಸ ಮಾಡಿದೆ, ಇನ್ನು ಉಳಿದದ್ದು ಕಲಿಕೆ. ಅವವೇ ಕಷ್ಟಗಳು ಜೊತೆಗೇ ಬಂದಿದ್ದರೆ, ಬದಲಾಗಬೇಕಾದದ್ದು ಇನ್ನೇನೋ ಇದೆ. ಇನ್ನೊಮ್ಮೆ ಜಾಗ ಬದಲಿಸುವ ಮುಂಚೆ ಎರಡನೇ ಹಂತವನ್ನು ಮತ್ತೆ ಮಾಡಿ, ಸಾಧ್ಯವಾದರೆ ಆಪ್ತಸಮಾಲೋಚಕರ ಜೊತೆ ಕೂತು ಮಾಡಿ.

ವಾಪಸ್ ಹೋಗಬೇಕು ಅನಿಸಿದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ನೆನಪಿನಲ್ಲಿರುವ ಜಾಗಕ್ಕೆ ಹೋಗುತ್ತಿದ್ದೀರಾ, ಈಗ ಇರುವ ಜಾಗಕ್ಕೆ ಹೋಗುತ್ತಿದ್ದೀರಾ ಅಂತ ನೋಡಿಕೊಳ್ಳಿ. ಅಲ್ಲಿ ಈಗ ಇರುವವರಿಗೆ ಫೋನ್ ಮಾಡಿ, ಅವರ ನಿನ್ನೆಯ ದಿನ ಹೇಗಿತ್ತು ಅಂತ ಬೆಳಗ್ಗೆಯಿಂದ ರಾತ್ರಿವರೆಗೆ ಕೇಳಿ. ಕೇಳಿಸಿಕೊಂಡ ಮೇಲೂ ಹೋಗುವ ಮನಸ್ಸಿದ್ದರೆ ಅದನ್ನೂ ಒಂದು ಹೊಸ ಘಟ್ಟ ಅಂತಲೇ ಎಣಿಸಿ, ಏಳನೇ ಹಂತದಿಂದ ತಯಾರಿ ಶುರು ಮಾಡಿ.